ಬಿಸಿಲಿನಲ್ಲಿ ಎಷ್ಟು ಟೆಸ್ಲಾ?

ಏಪ್ರಿಲ್ 24ರ ಮಧ್ಯಾಹ್ನ ಹನ್ನೆರಡೂಕಾಲರ ಸುಮಾರಿಗೆ ಬೆಂಗಳೂರಿನಲ್ಲಿ ನೆಟ್ಟಗೆ ನಿಂತ ಕಂಬಕ್ಕೆ ನೆರಳಿರುವುದಿಲ್ಲ. ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುವ, ವರ್ಷಕ್ಕೆ ಎರಡೇ ಸಲ ಒದಗುವ ಶೂನ್ಯ ನೆರಳಿನ ಗಳಿಗೆ ಅದು. ಬಸವನಗುಡಿಯ ನಮ್ಮ ಮನೆಯ ತಾರಸಿಯಲ್ಲಿ ಅಕ್ಕನ ಮಗಳು ಸ್ಟೀಲ್ ಲೋಟವೊಂದನ್ನು ಬೋರಲು ಹಾಕಿ, ಅದರ ನೆರಳು ಬುಡಕ್ಕೆ ಸರಿಯುವುದನ್ನು ನೋಡುತ್ತಾ ಕುಳಿತಿದ್ದಳು. ನೀಟ್ ಪರೀಕ್ಷೆಗೆ ಹತ್ತು ದಿನ ಉಳಿದಿದ್ದರಿಂದ ಪಕ್ಕದಲ್ಲಿ ಭೌತವಿಜ್ಞಾನದ ಪುಸ್ತಕವೂ ಇತ್ತು. ನೆರಳು ಮಾಯವಾಯಿತು, ಫೋಟೊ ತೆಗೆದದ್ದಾಯಿತು. ಆಮೇಲೆ ಅವಳು ಮೊಬೈಲಿನಲ್ಲಿ ದಿಕ್ಸೂಚಿಯ ಆ್ಯಪ್ ತೆರೆದಳು. ಸೋಲಾರ್ ಹೀಟರಿನ ಕಬ್ಬಿಣದ ಕಾಲಿನ ಹತ್ತಿರ ಹಿಡಿದರೆ ಅಂಕಿ ಎಪ್ಪತ್ತು ದಾಟುತ್ತಿತ್ತು. ತಾರಸಿಯ ನಡುವೆ, ಸರಳು ಪಿಲ್ಲರುಗಳಿಂದ ದೂರ ನಿಂತಾಗ 40 ಮೈಕ್ರೋಟೆಸ್ಲಾದ ಆಸುಪಾಸಿಗೆ ಬಂದು ನಿಂತಿತು. ಕಾಂತಕ್ಷೇತ್ರವನ್ನು ಅಳೆಯುವ ಮಾನ ಟೆಸ್ಲಾ, ಅದರ ಹತ್ತು ಲಕ್ಷದಲ್ಲಿ ಒಂದು ಪಾಲು ಮೈಕ್ರೋಟೆಸ್ಲಾ. ಬೆಂಗಳೂರಿನಲ್ಲಿ ಭೂಮಿಯ ಕಾಂತಕ್ಷೇತ್ರ ಇರಬೇಕಾದದ್ದೂ ಸುಮಾರು ಅಷ್ಟೇ.

ಅವಳು ಸುಮ್ಮನಿರಲಿಲ್ಲ. ಬೆಳಕಿನ ತೀವ್ರತೆಗೂ ಅದರ ಕಾಂತಕ್ಷೇತ್ರಕ್ಕೂ ಇರುವ ಸಂಬಂಧವನ್ನು ಬೆಳಿಗ್ಗೆಯಷ್ಟೇ ಓದಿದ್ದಳು. ಆ ಸೂತ್ರದೊಳಗೆ ಈ 40ನ್ನು ಹಾಕಿದಳು. ಚದರ ಮೀಟರಿಗೆ 1,91,000 ವ್ಯಾಟ್ ಬಂತು. ನಡುಹಗಲಿನ ಬಿಸಿಲು ಚದರ ಮೀಟರಿಗೆ ಹೆಚ್ಚುಕಡಿಮೆ 1,000 ವ್ಯಾಟ್.

"ಮಾಮ, ಲೆಕ್ಕದ ಪ್ರಕಾರ ನಮ್ಮ ತಲೆಯ ಮೇಲೆ ನೂರ ತೊಂಬತ್ತು ಸೂರ್ಯರಿದ್ದಾರೆ. ಸಂಜೆಯಾದರೂ ಇವರು ಮುಳುಗುವುದಿಲ್ಲ. ನಾವು ಬೆಂದು ಹೋಗಬೇಕಿತ್ತಲ್ಲ?"

ಗುಣಾಕಾರ ಸರಿಯಾಗಿಯೇ ಇತ್ತು. ಆ ಸೂತ್ರಕ್ಕೆ ಅಲ್ಲಿ ಕೆಲಸವಿರಲಿಲ್ಲ, ಅಷ್ಟೇ. ಯಾಕೆ ಎಂಬುದನ್ನು ಹೇಳಬೇಕಾದರೆ ಮೊದಲು ಸೂತ್ರ ಹುಟ್ಟುವ ಬಗೆ ಹೇಳಬೇಕು. ಪರೀಕ್ಷೆಯ ಅವಸರದಲ್ಲಿ ಬಾಯಿಪಾಠವಾಗಿ ಹೋಗುವ ಸೂತ್ರಗಳಲ್ಲಿ ಇದೂ ಒಂದು. ನಿಜಕ್ಕೂ ಇದು ಹೂ ಮಾರುವವರ ಲೆಕ್ಕ.

ತೀವ್ರತೆ ಎಂದರೆ ಇಷ್ಟೇ: ಬೆಳಕಿಗೆ ಎದುರಾಗಿ ಹಿಡಿದ ಒಂದು ಚದರ ಮೀಟರ್ ಜಾಗವನ್ನು ಸೆಕೆಂಡಿಗೆ ಎಷ್ಟು ಶಕ್ತಿ ದಾಟುತ್ತದೆ ಎಂಬ ಲೆಕ್ಕ. ತಾರಸಿಯ ಹೀಟರಿನ ಎರಡು ಚದರ ಮೀಟರಿನ ಫಲಕದ ಮೇಲೆ ನೇರ ಬಿಸಿಲು ಬಿದ್ದರೆ ಸೆಕೆಂಡಿಗೆ ಸುಮಾರು 2,000 ಜೂಲ್ ಬಂದಂತೆ. ಆ ಶಕ್ತಿ ದಾರಿಯಲ್ಲಿ ಎಲ್ಲಿ ಕುಳಿತು ಬರುತ್ತದೆ? 1865ರಲ್ಲಿ ಮ್ಯಾಕ್ಸ್‌ವೆಲ್ ಕೊಟ್ಟ ಉತ್ತರದ ಪ್ರಕಾರ ಬೆಳಕೆಂದರೆ ಒಂದಕ್ಕೊಂದು ಅಡ್ಡವಾಗಿ ನಿಂತು ಜೊತೆಯಾಗಿ ಏರಿಳಿಯುತ್ತಾ ಓಡುವ ಎರಡು ಕ್ಷೇತ್ರಗಳು. ಒಂದು ವಿದ್ಯುತ್ತಿನದು, ಇನ್ನೊಂದು ಕಾಂತದ್ದು. ಶಕ್ತಿ ಇರುವುದು ಆ ಕ್ಷೇತ್ರಗಳಲ್ಲೇ. ಅದು ಯಾವ ಕಡೆಗೆ, ಎಷ್ಟು ಹರಿಯುತ್ತದೆ ಎಂಬ ಲೆಕ್ಕವನ್ನು 1884ರಲ್ಲಿ ಇಂಗ್ಲೆಂಡಿನ ಭೌತವಿಜ್ಞಾನಿ ಪಾಯಿಂಟಿಂಗ್ ಬರೆದಿಟ್ಟರು.

ಈಗ ಗಾಂಧಿ ಬಜಾರಿಗೆ ಹೋಗೋಣ. ಹೂವಿನವರು ಬುಟ್ಟಿಯಿಂದ ಮಾಲೆ ಎಳೆದು ಮೊಳ ಹಾಕುತ್ತಾರೆ. ಸೆಕೆಂಡಿಗೆ ಎಷ್ಟು ಹೂವು ಬುಟ್ಟಿಯಿಂದ ಹೊರಬಂತು ಎಂದು ತಿಳಿಯಲು ಎರಡು ಸಂಗತಿ ಗೊತ್ತಿದ್ದರೆ ಸಾಕು: ಮೊಳಕ್ಕೆ ಎಷ್ಟು ಹೂವು ಕಟ್ಟಿದ್ದಾರೆ, ಸೆಕೆಂಡಿಗೆ ಎಷ್ಟು ಮೊಳ ಎಳೆಯುತ್ತಿದ್ದಾರೆ. ಎರಡನ್ನೂ ಗುಣಿಸಿದರೆ ಮುಗಿಯಿತು. ಬೆಳಕಿನಲ್ಲೂ ಹಾಗೆಯೇ. ಒಂದು ಘನ ಮೀಟರ್ ಬಿಸಿಲಿನಲ್ಲಿ ಎಷ್ಟು ಶಕ್ತಿ ಇದೆ ಎಂಬುದನ್ನು ಬೆಳಕಿನ ವೇಗದಿಂದ ಗುಣಿಸಿದರೆ ತೀವ್ರತೆ ಸಿಗುತ್ತದೆ. ಈ ಮಾಲೆಯನ್ನು ಎಳೆಯುವ ಕೈ ಸೆಕೆಂಡಿಗೆ ಮೂವತ್ತು ಕೋಟಿ ಮೀಟರ್ ಎಳೆಯುತ್ತದೆ. ಆದ್ದರಿಂದ ಮೊಳಕ್ಕೆ ಹೂವು ತೀರಾ ವಿರಳವಾಗಿದ್ದರೂ ನಡೆಯುತ್ತದೆ. 1,000ವನ್ನು 30 ಕೋಟಿಯಿಂದ ಭಾಗಿಸಿ ನೋಡಿ: ಮೈ ಸುಡುವ ಏಪ್ರಿಲ್ ಬಿಸಿಲಿನ ಒಂದು ಇಡೀ ಘನ ಮೀಟರಿನಲ್ಲಿ ಇರುವ ಶಕ್ತಿ ಒಂದು ಜೂಲಿನ ಹತ್ತು ಲಕ್ಷದಲ್ಲಿ ಸುಮಾರು 3.3 ಪಾಲು ಮಾತ್ರ.

ಈ ಮಾಲೆಯಲ್ಲಿ ಬರೀ ಮಲ್ಲಿಗೆ ಇಲ್ಲ. ಒಂದು ಮಲ್ಲಿಗೆ, ಒಂದು ಕನಕಾಂಬರ ಎಂದು ಹೆಣೆದ ಮಾಲೆ ಇದು. ವಿದ್ಯುತ್ ಕ್ಷೇತ್ರದ ಶಕ್ತಿ ಮಲ್ಲಿಗೆ, ಕಾಂತಕ್ಷೇತ್ರದ ಶಕ್ತಿ ಕನಕಾಂಬರ. ನಿರ್ವಾತದಲ್ಲಿ ಓಡುವ ಬೆಳಕಿನಲ್ಲಿ ಎಲ್ಲಿ ಮುಟ್ಟಿದರೂ, ಯಾವ ಗಳಿಗೆಯಲ್ಲಿ ನೋಡಿದರೂ ಎರಡರ ಸಂಖ್ಯೆ ಸಮಸಮ. ಗಾಳಿಯಲ್ಲೂ ಹಾಗೆಯೇ ಎಂದುಕೊಂಡರೆ ಲೆಕ್ಕ ಕೆಡುವುದಿಲ್ಲ. ಎಲ್ಲ ಅನುಕೂಲವೂ ಇಲ್ಲಿಂದಲೇ: ಕನಕಾಂಬರವನ್ನು ಮಾತ್ರ ಎಣಿಸಿ ಎರಡರಿಂದ ಗುಣಿಸಿದರೆ ಒಟ್ಟು ಹೂವು ಗೊತ್ತಾಗುತ್ತದೆ. ವಿದ್ಯುತ್ ಕ್ಷೇತ್ರವನ್ನು ನೋಡದೆಯೇ, ಬರೀ ಕಾಂತಕ್ಷೇತ್ರದಿಂದ ತೀವ್ರತೆ ಹೇಳಲು ಬರುವುದು ಇದರಿಂದ.

ಕಾಂತಕ್ಷೇತ್ರದಲ್ಲಿ ಅಡಗಿದ ಶಕ್ತಿ, ಪ್ರತಿ ಘನ ಮೀಟರಿಗೆ, ಕ್ಷೇತ್ರದ ವರ್ಗವನ್ನು ಎರಡು ಮ್ಯೂನಾಟ್‌ನಿಂದ ಭಾಗಿಸಿದಷ್ಟು. ಮ್ಯೂನಾಟ್ ಎಂದರೆ ನಿರ್ವಾತದ ಕಾಂತ ಸ್ಥಿರಾಂಕ, ಸುಮಾರು 1.257 × 10⁻⁶. ಮಲ್ಲಿಗೆಯನ್ನೂ ಸೇರಿಸಲು ಇಮ್ಮಡಿ ಮಾಡಿದರೆ ಛೇದದ ಎರಡು ಹೋಗುತ್ತದೆ. ಆದರೆ ಅದು ಮತ್ತೆ ಹಿಂದಿನ ಬಾಗಿಲಿನಿಂದ ಒಳಗೆ ಬರುತ್ತದೆ, ಯಾಕೆಂದರೆ ಕ್ಷೇತ್ರ ಒಂದೇ ಎತ್ತರದಲ್ಲಿ ನಿಲ್ಲುವುದಿಲ್ಲ. ಸೊನ್ನೆಯಿಂದ ತುದಿಗೆ ಏರಿ, ಇಳಿದು, ಎದುರು ದಿಕ್ಕಿಗೆ ತಿರುಗಿ, ಮತ್ತೆ ಏರುತ್ತದೆ. ಆ ತುದಿಯ ಎತ್ತರಕ್ಕೆ ಪಾರ ಎಂದು ಹೆಸರು. ನಮಗೆ ಬೇಕಾದದ್ದು ವರ್ಗದ ಸರಾಸರಿ. ಸೈನ್ ವರ್ಗ, ಕೊಸೈನ್ ವರ್ಗ ಕೂಡಿದರೆ ಒಂದು ಎಂದು ಹತ್ತನೆಯ ತರಗತಿಯಲ್ಲೇ ಕಲಿತಿದ್ದೇವೆ. ಎರಡೂ ಒಂದೇ ಆಕಾರದ ಅಲೆಗಳಾದ್ದರಿಂದ ಒಂದರ ಸರಾಸರಿ ಇನ್ನೊಂದಕ್ಕಿಂತ ಹೆಚ್ಚಿರಲು ಕಾರಣವಿಲ್ಲ. ಆದ್ದರಿಂದ ಒಂದೊಂದಕ್ಕೂ ಅರ್ಧ. ಇಷ್ಟಾದ ಮೇಲೆ ಉಳಿಯುವುದು:

ತೀವ್ರತೆ = ಬೆಳಕಿನ ವೇಗ × (ಕಾಂತಕ್ಷೇತ್ರದ ಪಾರ)² ÷ (2 × ಮ್ಯೂನಾಟ್)

ಇಲ್ಲಿ ಮಕ್ಕಳು ಎಡವುವ ಕಲ್ಲುಗಳು ಎರಡು. ವಿದ್ಯುತ್ ಕ್ಷೇತ್ರದಿಂದ ಒಂದು ಸಲ, ಕಾಂತಕ್ಷೇತ್ರದಿಂದ ಇನ್ನೊಂದು ಸಲ ತೀವ್ರತೆ ಕಂಡುಹಿಡಿದು ಎರಡನ್ನೂ ಕೂಡಿಸುವುದು ಒಂದು. ಎರಡೂ ಒಂದೇ ಮಾಲೆಯ ಪೂರ್ತಿ ಎಣಿಕೆಗಳು; ಕೂಡಿಸಿದರೆ ಹೂವಿನವರಿಗೆ ಎರಡು ಸಲ ದುಡ್ಡು ಕೊಟ್ಟಂತೆ. ಇನ್ನೊಂದು, ಪ್ರಶ್ನೆಯಲ್ಲಿ ಕೊಟ್ಟಿರುವುದು ಪಾರವೋ, ವರ್ಗಮಧ್ಯಮೂಲದ (ವರ್ಗದ ಸರಾಸರಿಯ ವರ್ಗಮೂಲ, ಅಂದರೆ ಆರ್‌ಎಂಎಸ್) ಬೆಲೆಯೋ ಎಂದು ನೋಡದೆ ಹೋಗುವುದು. ವರ್ಗಮಧ್ಯಮೂಲ ಕೊಟ್ಟಿದ್ದರೆ ಸರಾಸರಿ ಆಗಲೇ ಅದರೊಳಗೆ ಸೇರಿರುತ್ತದೆ, ಛೇದದ ಎರಡನ್ನು ಬಿಡಬೇಕು. ಪ್ರಶ್ನೆಪತ್ರಿಕೆ ಮಾಡುವವರಿಗೆ ಈ ಎರಡು ಎಂಬ ಸಂಖ್ಯೆಯ ಮೇಲೆ ವಿಶೇಷ ಪ್ರೀತಿ. ಆಯ್ಕೆಗಳಲ್ಲಿ ಸರಿಯುತ್ತರದ ಪಕ್ಕದಲ್ಲೇ ಅದರ ಇಮ್ಮಡಿ ಕುಳಿತಿರುತ್ತದೆ.

ಈಗ ಬಿಸಿಲನ್ನೇ ಹಾಕಿ ನೋಡೋಣ. 1,000 ವ್ಯಾಟಿನ ಬಿಸಿಲಿಗೆ ಕಾಂತಕ್ಷೇತ್ರದ ಪಾರ 2.9 ಮೈಕ್ರೋಟೆಸ್ಲಾ ಬರುತ್ತದೆ. ನಂಬಿಕೆ ಬರದಿದ್ದರೆ ತಿರುಗಿಸಿ ಪರೀಕ್ಷಿಸಬಹುದು: 2.9ರ ವರ್ಗ 8.41, ಅಂದರೆ 8.41 × 10⁻¹². ಇದನ್ನು 3 × 10⁸ರಿಂದ ಗುಣಿಸಿ 2.514 × 10⁻⁶ರಿಂದ ಭಾಗಿಸಿದರೆ 1,004. ವಾತಾವರಣದ ಆಚೆ ಬಿಸಿಲು 1,361 ವ್ಯಾಟ್. ಅಲ್ಲಿ ಕ್ಷೇತ್ರ 3.4 ಮೈಕ್ರೋಟೆಸ್ಲಾ. ಒಂದು ಮಾತು ಸೇರಿಸಬೇಕು. ಬಿಸಿಲು ಒಂದೇ ಬಣ್ಣದ ಅಚ್ಚುಕಟ್ಟಾದ ಅಲೆಯಲ್ಲ, ಲೆಕ್ಕವಿಲ್ಲದಷ್ಟು ಅಲೆಗಳ ಸಂತೆ. ಅದಕ್ಕೆ ಒಂದೇ ಪಾರ ಎಂಬುದಿಲ್ಲ. ಅಷ್ಟೇ ತೀವ್ರತೆಯ ಒಂಟಿ ಅಲೆಯೊಂದಿದ್ದಿದ್ದರೆ ಅದರ ಪಾರ 2.9 ಆಗಿರುತ್ತಿತ್ತು ಎಂದು ಓದಿಕೊಳ್ಳಬೇಕು.

ವರ್ಗದ ಸಂಬಂಧ ಕೈಗೆ ಹತ್ತಲು ರಾತ್ರಿ ಕೋಣೆಯ ದೀಪ ಸಾಕು. ಒಂಬತ್ತು ವ್ಯಾಟಿನ ಎಲ್ಇಡಿ ಬಲ್ಬಿನಿಂದ ಬೆಳಕಾಗಿ ಹೊರಬರುವುದು ಸುಮಾರು ಮೂರು ವ್ಯಾಟ್ ಎಂದಿಟ್ಟುಕೊಳ್ಳಿ, ಉಳಿದದ್ದು ಬಿಸಿ. ಎಲ್ಲ ಕಡೆಗೂ ಸಮನಾಗಿ ಹರಡಿದರೆ ಒಂದು ಮೀಟರ್ ದೂರದಲ್ಲಿ ತೀವ್ರತೆ ಚದರ ಮೀಟರಿಗೆ 0.24 ವ್ಯಾಟ್, ಕಾಂತಕ್ಷೇತ್ರ 45 ನ್ಯಾನೋಟೆಸ್ಲಾ (ಸಾವಿರ ನ್ಯಾನೋಟೆಸ್ಲಾ ಸೇರಿದರೆ ಒಂದು ಮೈಕ್ರೋಟೆಸ್ಲಾ). ಎರಡು ಮೀಟರಿಗೆ ಸರಿದರೆ ತೀವ್ರತೆ 0.06ಕ್ಕೆ, ಅಂದರೆ ಕಾಲು ಭಾಗಕ್ಕೆ ಇಳಿಯುತ್ತದೆ. ಕ್ಷೇತ್ರ ಇಳಿಯುವುದು ಅರ್ಧಕ್ಕೆ ಮಾತ್ರ. ಹಗಲಿನ ಬಿಸಿಲಿಗೂ ಈ ದೀಪಕ್ಕೂ ತೀವ್ರತೆಯಲ್ಲಿ ನಾಲ್ಕು ಸಾವಿರ ಪಟ್ಟಿಗೂ ಹೆಚ್ಚು ಅಂತರ. ಕ್ಷೇತ್ರದಲ್ಲಿ ಅರವತ್ತನಾಲ್ಕು ಪಟ್ಟು. ಬೆಳಕು ಎಷ್ಟೇ ಸೋತು ಹೋದರೂ ಅದರ ಕ್ಷೇತ್ರ ಅಷ್ಟು ಬೇಗ ಸೋಲುವುದಿಲ್ಲ.

ನಮ್ಮ ಹುಡುಗಿಗೆ ಇದೆಲ್ಲ ಒಪ್ಪಿಗೆಯಾಯಿತು, ಒಂದನ್ನು ಬಿಟ್ಟು. ಇದೇ ಬಿಸಿಲಿನ ವಿದ್ಯುತ್ ಕ್ಷೇತ್ರ ಮೀಟರಿಗೆ 868 ವೋಲ್ಟ್. ಒಂದು ಕಡೆ 868, ಇನ್ನೊಂದು ಕಡೆ 0.0000029. "ಇದರಲ್ಲಿ ಸಮಪಾಲು ಎಲ್ಲಿದೆ?" ಎಂದಳು. ಪುಸ್ತಕಗಳೂ ಈ ಅನುಮಾನಕ್ಕೆ ತುಪ್ಪ ಸುರಿಯುತ್ತವೆ, ಕಾಂತಕ್ಷೇತ್ರ ಬಹಳ ಚಿಕ್ಕದು ಎಂದು ಒಂದು ಸಾಲು ಬರೆದು ಮುಂದೆ ಹೋಗುತ್ತವೆ. ನನಗೆ ಈ ಸಾಲಿನ ಮೇಲೆ ಹಳೆಯ ಸಿಟ್ಟು. ಚಿಕ್ಕದಾಗಿ ಕಾಣುವುದು ಅಳತೆಗೋಲಿನ ದೋಷ. ಬೆಳಕಿನಲ್ಲಿ ವಿದ್ಯುತ್ ಕ್ಷೇತ್ರವನ್ನು ಕಾಂತಕ್ಷೇತ್ರದಿಂದ ಭಾಗಿಸಿದರೆ ಸಿಗುವುದು ಬೆಳಕಿನ ವೇಗ, ಸೆಕೆಂಡಿಗೆ 30 ಕೋಟಿ ಮೀಟರ್. ಮೀಟರು, ಸೆಕೆಂಡು ನಮ್ಮ ಅನುಕೂಲಕ್ಕೆ ನಾವು ಮಾಡಿಕೊಂಡವು. ಆದ್ದರಿಂದ ಆ ಭಾರೀ ಸಂಖ್ಯೆ ನಡುವೆ ಬಂದು ಕೂರುತ್ತದೆ. ಹಿಂದಿನ ತಲೆಮಾರಿನವರು ಬಳಸುತ್ತಿದ್ದ ಸೆಂಟಿಮೀಟರ್, ಗ್ರಾಂ ಮಾನಗಳಲ್ಲಿ ಇದೇ ಬಿಸಿಲನ್ನು ಬರೆದರೆ ಕಾಂತಕ್ಷೇತ್ರ 0.029 ಗಾಸ್, ವಿದ್ಯುತ್ ಕ್ಷೇತ್ರ ಸೆಂಟಿಮೀಟರಿಗೆ 0.029 ಸ್ಟ್ಯಾಟ್‌ವೋಲ್ಟ್. ಅದೇ ಅಂಕಿ! ಆ ಅಳತೆಯಲ್ಲಿ ಕಲಿತವರಿಗೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ಹಾಗೆಂದು ಇಬ್ಬರೂ ಎಲ್ಲ ಕೆಲಸವನ್ನೂ ಸಮನಾಗಿ ಮಾಡುತ್ತಾರೆ ಎಂದರೆ ತಪ್ಪಾದೀತು. ಎಲೆಕ್ಟ್ರಾನಿನ ಮೇಲೆ ಕಾಂತಕ್ಷೇತ್ರದ ಬಲ, ಎಲೆಕ್ಟ್ರಾನಿನ ವೇಗ ಬೆಳಕಿನ ವೇಗದ ಎಷ್ಟನೆಯ ಪಾಲೋ, ವಿದ್ಯುತ್ ಬಲದ ಹೆಚ್ಚೆಂದರೆ ಅಷ್ಟೇ ಪಾಲು. ಹೈಡ್ರೋಜನ್ ಪರಮಾಣುವಿನಲ್ಲಿ ಅದು ನೂರಮೂವತ್ತೇಳರಲ್ಲಿ ಒಂದು. 1890ರಲ್ಲಿ ಜರ್ಮನಿಯ ಒಟ್ಟೊ ವೀನರ್ ಇದನ್ನು ಫೋಟೊ ತೆಗೆದು ತೋರಿಸಿದರು ಎನ್ನಬಹುದು. ಕನ್ನಡಿಗೆ ಬಡಿದು ಮರಳುವ ಬೆಳಕು ಬರುವ ಬೆಳಕಿನೊಂದಿಗೆ ಸೇರಿ ನಿಂತ ಅಲೆಯಾಗುತ್ತದೆ. ಅಲ್ಲಿ ಮಲ್ಲಿಗೆ, ಕನಕಾಂಬರ ಬೇರೆ ಬೇರೆ ಜಾಗದಲ್ಲಿ ಗುಂಪಾಗುತ್ತವೆ: ಕನ್ನಡಿಯ ಮೈಗೆ ತಾಗಿದಲ್ಲಿ ವಿದ್ಯುತ್ ಕ್ಷೇತ್ರ ಸೊನ್ನೆ, ಕಾಂತಕ್ಷೇತ್ರ ತುದಿ ಮುಟ್ಟಿರುತ್ತದೆ. ವೀನರ್ ಆ ಜಾಗದಲ್ಲಿ ಅಲೆಯುದ್ದಕ್ಕಿಂತ ಬಹಳ ತೆಳ್ಳಗಿನ ಛಾಯಾಚಿತ್ರದ ಪದರವನ್ನು ತುಸು ಓರೆಯಾಗಿ ಇಟ್ಟರು. ಪದರ ಪಟ್ಟೆ ಪಟ್ಟೆಯಾಗಿ ಕಪ್ಪಾಯಿತು. ಕನ್ನಡಿಗೆ ತಾಗಿದ ಕಡೆಯಂತೂ ಕಪ್ಪಾಗಲಿಲ್ಲ. ಫಿಲ್ಮನ್ನು ಕಪ್ಪು ಮಾಡುವುದು ವಿದ್ಯುತ್ ಕ್ಷೇತ್ರ. ನಮ್ಮ ಕಣ್ಣಿನೊಳಗೆ, ಎಲೆಯ ಹಸಿರಿನೊಳಗೆ ಬೆಳಕನ್ನು ಹಿಡಿಯುವುದೂ ಮುಖ್ಯವಾಗಿ ಅದೇ.

ಹಾಗಾದರೆ ಕನಕಾಂಬರದ ಪಾಲು ಎಲ್ಲಿ ಹೋಯಿತು? ಕಾಂತಬಲ ಯಾವಾಗಲೂ ಚಲನೆಗೆ ಅಡ್ಡವಾಗಿ ತಳ್ಳುತ್ತದೆ, ಹಾಗಾಗಿ ಅದು ವಿದ್ಯುದಾವೇಶಕ್ಕೆ ಶಕ್ತಿಯನ್ನು ಎಂದೂ ತಾನಾಗಿ ಕೊಡುವುದಿಲ್ಲ. ಆದರೆ ಎಲೆ ವಿದ್ಯುತ್ ಕ್ಷೇತ್ರದಿಂದ ಶಕ್ತಿ ಹೀರುತ್ತಿದ್ದಂತೆ ಕಾಂತಕ್ಷೇತ್ರವೂ ಕುಗ್ಗುತ್ತದೆ, ಕುಗ್ಗುವ ಕಾಂತಕ್ಷೇತ್ರ ಮತ್ತೆ ವಿದ್ಯುತ್ ಕ್ಷೇತ್ರವನ್ನು ಹುಟ್ಟಿಸುತ್ತದೆ. ಫ್ಯಾರಡೆ ಕಂಡುಹಿಡಿದದ್ದು ಇದನ್ನೇ. ಉಗ್ರಾಣದಲ್ಲಿ ಇಬ್ಬರ ಧಾನ್ಯವೂ ಇದೆ, ಬಾಗಿಲಲ್ಲಿ ಅಳೆದು ಕೊಡುವವನು ಒಬ್ಬನೇ.

ಕಾಂತಕ್ಷೇತ್ರ ತಾನೇ ಮುಂದೆ ನಿಂತು ಮಾಡುವ ಕೆಲಸವೂ ಒಂದಿದೆ. ವಿದ್ಯುತ್ ಕ್ಷೇತ್ರ ಎಲೆಕ್ಟ್ರಾನನ್ನು ಅಡ್ಡಡ್ಡ ಓಡಿಸಿದರೆ, ಹಾಗೆ ಓಡುವ ಎಲೆಕ್ಟ್ರಾನನ್ನು ಕಾಂತಕ್ಷೇತ್ರ ಬೆಳಕು ಹೋಗುವ ದಿಕ್ಕಿಗೆ ನೂಕುತ್ತದೆ. ಬೆಳಕಿನ ಒತ್ತಡ ಎಂದರೆ ಈ ನೂಕು. ಹೀಟರಿನ ಕಪ್ಪು ಫಲಕವನ್ನು ನಡುಹಗಲಿನ ಬಿಸಿಲು ಒತ್ತುವುದು ಒಂದು ರಾಗಿ ಕಾಳಿನ ತೂಕಕ್ಕಿಂತಲೂ ಕಡಿಮೆ. ಇಷ್ಟು ಅಲ್ಪ ಒತ್ತಡವನ್ನು 1901ರ ಹೊತ್ತಿಗಾಗಲೇ ರಷ್ಯಾದ ಲೆಬೆದೆವ್ ಅಳೆದಿದ್ದರು. 2010ರಲ್ಲಿ ಜಪಾನಿನ ಇಕಾರೋಸ್ ನೌಕೆ ಹದಿನಾಲ್ಕು ಮೀಟರ್ ಬದಿಯ ಚೌಕ ಹಾಯಿ ಬಿಚ್ಚಿ ಇದೇ ನೂಕಿನಲ್ಲಿ ತೇಲಿತು. ತೀವ್ರತೆ ಬಹಳ ಏರಿದಾಗ ಕಥೆ ಬೇರೆ. 1985ರಲ್ಲಿ ಡೋನಾ ಸ್ಟ್ರಿಕ್‌ಲ್ಯಾಂಡ್ ಮತ್ತು ಜೆರಾರ್ಡ್ ಮುರು ತೋರಿಸಿದ, 2018ರಲ್ಲಿ ನೊಬೆಲ್ ಪಡೆದ ವಿಧಾನದಿಂದ ಲೇಸರ್ ಮಿಡಿತಗಳನ್ನು ಚದರ ಸೆಂಟಿಮೀಟರಿಗೆ 10¹⁸ ವ್ಯಾಟಿನವರೆಗೆ, ಅದರಾಚೆಗೂ ಕೊಂಡೊಯ್ಯಬಹುದು. ನಮ್ಮ ಸೂತ್ರ ಅಲ್ಲಿ ಕೊಡುವ ಕಾಂತಕ್ಷೇತ್ರ ಒಂಬತ್ತು ಸಾವಿರ ಟೆಸ್ಲಾ. ಎಂಆರ್‌ಐ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವುದು 1.5 ಇಲ್ಲವೇ 3 ಟೆಸ್ಲಾ. ಆ ಬೆಳಕಿನಲ್ಲಿ ಎಲೆಕ್ಟ್ರಾನುಗಳು ಬೆಳಕಿನ ವೇಗದ ಸಮೀಪಕ್ಕೆ ಹೋಗುವುದರಿಂದ ಕಾಂತಬಲ ವಿದ್ಯುತ್ ಬಲಕ್ಕೆ ಸರಿಸಾಟಿಯಾಗಿ ನಿಲ್ಲುತ್ತದೆ.

ಇನ್ನು ನೂರ ತೊಂಬತ್ತು ಸೂರ್ಯರ ವಿಷಯ. ಭೂಮಿಯ 40 ಮೈಕ್ರೋಟೆಸ್ಲಾ ಬಿಸಿಲಿನ 2.9ಕ್ಕಿಂತ ಹದಿನಾಲ್ಕು ಪಟ್ಟು ಹೆಚ್ಚು, ವರ್ಗ ಮಾಡಿದರೆ ನೂರ ತೊಂಬತ್ತು. ಆದರೆ ಈ ಮಾಲೆಯಲ್ಲಿ ಕನಕಾಂಬರಕ್ಕೆ ಜೊತೆಯ ಮಲ್ಲಿಗೆ ಇಲ್ಲ, ಮಾಲೆಯನ್ನು ಎಳೆಯುವ ಕೈಯೂ ಇಲ್ಲ. ಭೂಮಿಯ ಕ್ಷೇತ್ರ ಇದ್ದಲ್ಲೇ ಇದೆ. ಅದರಲ್ಲಿ ಶಕ್ತಿ ಇರುವುದು ನಿಜ, ಒಂದು ಘನ ಮೀಟರಿನಲ್ಲಿ ಬಿಸಿಲಿಗಿಂತ ಸುಮಾರು ನೂರ ತೊಂಬತ್ತು ಪಟ್ಟು ಹೆಚ್ಚೇ ಇದೆ. ಅದು ಎಲ್ಲಿಗೂ ಹರಿಯುತ್ತಿಲ್ಲ. ಫ್ರಿಜ್ಜಿಗೆ ಅಂಟಿಸಿದ ಅಯಸ್ಕಾಂತ ಹೊಳೆಯದಿರುವುದೂ ಇದೇ ಕಾರಣಕ್ಕೆ. ನಮ್ಮ ಸೂತ್ರ ಓಡುವ ಅಲೆಗೆ ಮಾತ್ರ. ವೀನರ್ ಕನ್ನಡಿಯ ಮುಂದಿನ ನಿಂತ ಅಲೆಗೂ, ಆಂಟೆನಾದ ತೀರಾ ಪಕ್ಕದ ಕ್ಷೇತ್ರಕ್ಕೂ ಅದನ್ನು ಹಾಗೇ ಹಚ್ಚಲು ಬರುವುದಿಲ್ಲ.

"ಸರಿ, ಭೂಮಿಯದ್ದು 40. ಬಿಸಿಲಿನ 2.9 ಮೊಬೈಲಿನಲ್ಲಿ ಯಾಕೆ ಕಾಣುತ್ತಿಲ್ಲ?" ಎಂದು ಅವಳು ಕೈಯಿಂದ ಮೊಬೈಲಿಗೆ ನೆರಳು ಹಿಡಿದು, ಮತ್ತೆ ಬಿಸಿಲಿಗೆ ಒಡ್ಡಿ, ಅಂಕಿ ಕದಲದ್ದನ್ನು ತೋರಿಸಿದಳು. ಹಸಿರು ಬೆಳಕಿನ ಕಾಂತಕ್ಷೇತ್ರ ಸೆಕೆಂಡಿಗೆ ಸುಮಾರು 540 ಲಕ್ಷ ಕೋಟಿ ಸಲ ಹೋಗಿ ಬಂದು ಮಾಡುತ್ತದೆ. ಮೊಬೈಲಿನ ಸಂವೇದಕ ಅಷ್ಟರಲ್ಲಿ ನೂರಿನ್ನೂರು ಸಲ ಓದಿದರೆ ಹೆಚ್ಚು. ಎಡಕ್ಕೆ ಹೋದಷ್ಟೇ ಬಲಕ್ಕೂ ಹೋಗುವ ಕ್ಷೇತ್ರದ ಸರಾಸರಿ ಸೊನ್ನೆ. ವರ್ಗದ ಸರಾಸರಿ ಸೊನ್ನೆಯಲ್ಲ. ದಿಕ್ಸೂಚಿ ಓದುವುದು ಮೊದಲನೆಯದನ್ನು, ಬೆನ್ನು ಸುಡುವುದು ಎರಡನೆಯದರಿಂದ.

ಇದರ ದೊಡ್ಡ ರೂಪವೊಂದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿದೆ. ಸೂರ್ಯನನ್ನು ನೋಡುವ ಆದಿತ್ಯ ಎಲ್1 ನೌಕೆಯ ಹಲವು ಉಪಕರಣಗಳಿಗೆ ಬೆಂಗಳೂರೇ ತವರು. ಅವುಗಳಲ್ಲಿ ಸೂರ್ಯನ ಹೊರ ವಾತಾವರಣವಾದ ಕರೋನಾದ ಬೆಳಕನ್ನು ನೋಡುವ ಉಪಕರಣ ಕೋರಮಂಗಲದ ಭಾರತೀಯ ಖಗೋಳಭೌತ ಸಂಸ್ಥೆಯದು. ಕಾಂತಕ್ಷೇತ್ರ ಅಳೆಯುವುದು ಇಸ್ರೋದ ಇಲ್ಲಿನ ಎಲೆಕ್ಟ್ರೋ ಆಪ್ಟಿಕ್ಸ್ ಪ್ರಯೋಗಾಲಯದ್ದು. ನೌಕೆಯ ಸ್ವಂತ ಕಾಂತಕ್ಷೇತ್ರ ಅಡ್ಡಬಾರದೆಂದು 2024ರ ಜನವರಿಯಲ್ಲಿ ಆರು ಮೀಟರಿನ ಕೋಲು ಬಿಚ್ಚಿ, ಸಂವೇದಕಗಳಲ್ಲಿ ಒಂದನ್ನು ತುದಿಗೆ, ಇನ್ನೊಂದನ್ನು ನಡುವಿಗೆ ಸರಿಸಿದರು. ಸೂರ್ಯನಿಂದ ಹರಿದು ಬರುವ ಕ್ಷೇತ್ರ ಅಲ್ಲಿ ಐದು ನ್ಯಾನೋಟೆಸ್ಲಾದ ಆಸುಪಾಸು, ಅದನ್ನೇ ಆ ಸಂವೇದಕ ಹುಡುಕುವುದು. ಅದೇ ಹೊತ್ತಿಗೆ ಅದರ ಮೈಮೇಲೆ ಬೀಳುವ ಬಿಸಿಲಿನ ಕಾಂತಕ್ಷೇತ್ರ 3,400 ನ್ಯಾನೋಟೆಸ್ಲಾ, ಆರುನೂರು ಪಟ್ಟಿಗೂ ಮಿಕ್ಕಿ. ಸಂವೇದಕಕ್ಕೆ ಅದರ ಸುಳಿವೂ ಹತ್ತುವುದಿಲ್ಲ. ಪಕ್ಕದ ಉಪಕರಣ ನೋಡುವ ಕರೋನಾದ ಬೆಳಕು ಬಿಸಿಲಿನ ಹತ್ತು ಲಕ್ಷದಲ್ಲಿ ಸುಮಾರು ಒಂದು ಪಾಲು. ಅದರ ಕಾಂತಕ್ಷೇತ್ರ ಎಷ್ಟಿರಬಹುದು ಎಂದು ಹುಡುಗಿಯನ್ನು ಕೇಳಿದೆ. ಪುಸ್ತಕ ಮುಚ್ಚಿಕೊಂಡೇ ಹತ್ತು ಲಕ್ಷದ ವರ್ಗಮೂಲ ಸಾವಿರ, ಆದ್ದರಿಂದ 3.4 ನ್ಯಾನೋಟೆಸ್ಲಾ ಎಂದಳು. ಅಷ್ಟು ಹೊತ್ತಿಗೆ ಲೋಟದ ಪೂರ್ವಕ್ಕೆ ಕೂದಲೆಳೆಯಷ್ಟು ನೆರಳು ಮತ್ತೆ ಮೂಡಿತ್ತು.